ಹಿಲರಿಯ ಕೆಂಪು ಸೂಟ್‌ಕೇಸು

ನಮ್ಮ ಹಿಲರಿ ಓಲ್ಡ್ರಾಯ್ಡ್‌ಗೆ ಇದ್ದಷ್ಟು ಮಕ್ಕಳು ಇಡೀ ಯಾರ್ಕ್‌ಷೈರಿನಲ್ಲಿ ಯಾವ ತಾಯಿಗೂ ಇರಲಿಲ್ಲ. ಹೆತ್ತದ್ದು ಮಾತ್ರ ಒಂದೂ ಇಲ್ಲ. ಹೆತ್ತವರು ಕುಡಿದೋ, ಹೊಡೆದೋ, ಸತ್ತೋ ಕೈಬಿಟ್ಟ ಮಕ್ಕಳಿಗೆ ಇಲ್ಲಿ ಊರಿನ ಕೌನ್ಸಿಲೇ, ಅಂದರೆ ನಗರಸಭೆಯೇ, ತಾಯಿತಂದೆ. ಹ್ಯಾಲ್ಡನ್‌ಶಾ ಕೌನ್ಸಿಲಿನಲ್ಲಿ ಆ ವಿಭಾಗದ ಮುಖ್ಯಸ್ಥೆ ಹಿಲರಿ. ಅವಳ ಕೋಣೆಯ ಹೊರಗಿನ ಮೇಜಿನಲ್ಲಿ ಕೂತು ಫೋನೆತ್ತುತ್ತಿದ್ದವಳು ನಾನು. ಮದುವೆಯಾಗಿ ಧಾರವಾಡದಿಂದ ಬಂದವಳು ಅದೇ ಕುರ್ಚಿಯಲ್ಲಿ ಮುದುಕಿಯಾದೆ. ಅವಳ ಬಗ್ಗೆ ನಾನಲ್ಲದೆ ಇನ್ಯಾರು ಹೇಳಬೇಕು?

ಹಿಲರಿ ಮಾಂಸದಂಗಡಿಯವನ ಮಗಳು. ದಪ್ಪ ಕೈ, ದೊಡ್ಡ ಗಂಟಲು, ಜೇಬಿನಲ್ಲಿ ಸದಾ ಪುದೀನ ಮಿಠಾಯಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಗುವನ್ನು, ಕೌನ್ಸಿಲು ದುಡ್ಡು ಕೊಟ್ಟು ಮಕ್ಕಳನ್ನಿರಿಸುವ ಒಂದು ಸಾಕುಮನೆಯಿಂದ ಬಿಡಿಸಿ ಇನ್ನೊಂದಕ್ಕೆ ಕರೆದೊಯ್ದಳಂತೆ. ಆ ಮನೆಯವರು ಬಟ್ಟೆಬರೆ, ಆಟಿಕೆ ಎಲ್ಲವನ್ನೂ ಕಸದ ಕಪ್ಪು ಚೀಲಕ್ಕೆ ತುರುಕಿ ಕೊಟ್ಟಿದ್ದರು. ಕಾರಿನಲ್ಲಿ ಆ ಮಗು, "ನನ್ನನ್ನೂ ಕಸದ ಲಾರಿಗೆ ಹಾಕ್ತೀರಾ?" ಅಂತ ಕೇಳಿತಂತೆ. ಅದನ್ನು ಹೇಳುವಾಗಲೆಲ್ಲ ಹಿಲರಿ ಮೂಗೊರೆಸಿಕೊಳ್ಳುತ್ತಿದ್ದಳು. ಮುಖ್ಯಸ್ಥೆಯಾದ ಕೂಡಲೇ ಕಪ್ಪು ಚೀಲ ಬಂದ್ ಮಾಡಿದಳು. ಕಚೇರಿಯ ಹಿಂದಿನ ಕೋಣೆಯ ತುಂಬ ಚಕ್ರದ ಸೂಟ್‌ಕೇಸು ತರಿಸಿದಳು, ಎಲ್ಲವೂ ಒಂದೇ ಕೆಂಪು. ಮನೆ ಬದಲಾಯಿಸುವ ಪ್ರತಿ ಮಗುವಿಗೂ ಒಂದೊಂದು. ಬೇರೆ ಊರಿನ ಅಧಿಕಾರಿಗಳು ಬಂದು ನೋಡಿ, ತಲೆದೂಗಿ ಹೋದರು. ನಾವೂ ಬೀಗಿದೆವು.

ಕೆಲ್ಸಿ ಅಂತ ಒಬ್ಬ ಹುಡುಗಿ ಇದ್ದಳು. ಮನೆಯಿಂದ ಮನೆಗೆ ಅಲೆದು ಅಲೆದು, ಕೊನೆಗೆ ಡೋರೀನ್ ಎಂಬ ವಿಧವೆಯ ಮನೆಗೆ ಬಂದು ನಿಂತಿದ್ದಳು. ಡೋರೀನ್ ಶಾಲೆಯ ಅಡುಗೆಮನೆಯಲ್ಲಿ ಬಡಿಸುವವಳು. ಇಬ್ಬರೂ ಟಿವಿ ಮುಂದೆ ಕೂತು ಜಗಳಾಡುವುದನ್ನು ನೋಡಿದರೆ ಹೆತ್ತ ತಾಯಿಮಗಳು ಅನ್ನಬೇಕು. ಆದರೆ ಕೆಲ್ಸಿಗೆ ಹದಿನೆಂಟು ತುಂಬುತ್ತ ಬಂತು. ಹದಿನೆಂಟಾದರೆ ಸಾಕುಮನೆ ಮುಗಿಯಿತು, ಮನೆಯಿಲ್ಲದವರ ಹಾಸ್ಟೆಲೇ ಗತಿ. ಇಬ್ಬರೂ ಒಪ್ಪಿದರೆ ಅಲ್ಲೇ ಮುಂದುವರಿಯಬಹುದು ಅಂತ ಕಾನೂನಿದೆ. ಕಾನೂನು ಇದ್ದರೇನು, ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ನಮ್ಮ ಪೂಜಾರಿ ಹಣಕಾಸಿನ ನೆವಿಲ್.

"ದೊಡ್ಡೋರು ಸಾಕುಮನೆ ಹಾಸಿಗೆ ಬಿಡ್ದೇ ಕೂತ್ರೆ ಚಿಕ್ಕ ಮಕ್ಕಳನ್ನ ನಿನ್ನ ಮೇಜಿನ ಮೇಲೆ ಮಲಗಿಸ್ಲಾ ಹಿಲರಿ?" ಅಂದ.

"ನಿನ್ನ ಮಗನಿಗೆ ಎಷ್ಟು ವಯಸ್ಸು?"

"ಇಪ್ಪತ್ತಾರು."

"ಎಲ್ಲಿದಾನೆ?"

"ಮನೇಲೇ ಇದಾನೆ. ಅದಕ್ಕೇನೀಗ?"

"ಅವನಿಗೆ ಬಟ್ಟೆ ಒಗೆದುಕೊಡೋಕೆ ನಿನ್ನ ಹೆಂಡ್ತಿ ಬೇಕು. ನನ್ನ ಹುಡುಗಿ ಮಾತ್ರ ನಾಳೆಯಿಂದ ಒಂಟಿಯಾಗಿ ಬಾಳ್ಬೇಕು. ನಾಚ್ಕೆ ಆಗಲ್ವಾ ನಿನಗೆ?"

ಚಳಿಗಾಲ ಪೂರ್ತಿ ಈ ಜಗಳ ನಡೆಯಿತು. ಹುಟ್ಟುಹಬ್ಬದ ಹಿಂದಿನ ದಿನ, ಶುಕ್ರವಾರ, ನೆವಿಲ್ ಕೈಚೆಲ್ಲಿ ಹೂಂ ಅಂದ. ಒಂದೇ ಷರತ್ತು: ಹದಿನೆಂಟು ತುಂಬುವ ದಿನ ಹುಡುಗಿ ಆ ಮನೆಯಲ್ಲಿ ಇರಬೇಕು. ಅದು ಕಾನೂನಿನಲ್ಲೇ ಇದ್ದದ್ದು. ಅಲ್ಲಲ್ಲದೆ ಇನ್ನೆಲ್ಲಿರುತ್ತಾಳೆ ಅಂತ ನಾವು ನಕ್ಕೆವು.

ಹಿಲರಿ ಹುಡುಗಿಯ ಹಾಗೆ ಕುಣಿದಳು. ಬೇಸಿಗೆಯಲ್ಲಿ ಕೆಲ್ಸಿಯನ್ನು ವಿಟ್ಬಿಯ ಸಮುದ್ರತೀರಕ್ಕೆ ಕರೆದೊಯ್ಯುವುದಾಗಿ ಡೋರೀನ್ ಹೇಳಿದ್ದಳು. ಹಿಲರಿ ತನ್ನ ಕೈಯಿಂದಲೇ ದುಡ್ಡು ಹಾಕಿ ಈಜುಡುಗೆ, ದೊಡ್ಡ ಟವೆಲು, ಬಣ್ಣದ ಚಪ್ಪಲಿ ಕೊಂಡಳು. ಎಲ್ಲವನ್ನೂ ಯಾವುದರಲ್ಲಿ ಇಡಬೇಕು? ಹಿಂದಿನ ಕೋಣೆಗೆ ಹೋಗಿ ಒಂದು ಕೆಂಪು ಸೂಟ್‌ಕೇಸು ಎಳೆದು ತಂದಳು.

"ಫೋನ್ ಮಾಡಿ ಹೇಳ್ಲಾ?" ಅಂತ ನಾನು ಕೇಳಿದೆ.

"ಬಾಯಿ ಮುಚ್ಕೊಂಡಿರೇ ಪುಣ್ಯಾತ್ಗಿತ್ತಿ! ನಾನೇ ಹೋಗಿ ಹೇಳ್ಬೇಕು. ಆ ಹುಡುಗಿ ಮುಖ ನೋಡ್ಬೇಕು ನಾನು."

ಅಂದೇ ಮಧ್ಯಾಹ್ನ ಹೋದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಡೋರೀನ್ ಅಕ್ಕನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದಳು. ಪಕ್ಕದ ಮನೆಯವಳ ಹತ್ತಿರ ಬೀಗದ ಕೈ ಇತ್ತು. ಹಿಲರಿ ಸೂಟ್‌ಕೇಸನ್ನು ಬಾಗಿಲ ಒಳಗೆ, ಕೆಲ್ಸಿಯ ಕೋಟಿನ ಮೊಳೆಯ ಕೆಳಗೆ ನಿಲ್ಲಿಸಿ, ನಾಳೆ ಬೆಳಿಗ್ಗೆ ಕೇಕಿನೊಂದಿಗೆ ಬಂದರಾಯಿತು ಅಂತ ತಿರುಗಿದಳು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಅಯ್ಯೋ, ನಮ್ಮ ಬುದ್ಧಿಗಿಷ್ಟು! ಆ ಕೆಂಪು ಸೂಟ್‌ಕೇಸು ಬಂದ ಮನೆಯಲ್ಲಿ ಮಗು ಉಳಿದದ್ದೇ ಇಲ್ಲ. ನಾವು ಕೊಟ್ಟದ್ದೇ ಹಾಗೆ, ಹೊರಡುವವರಿಗೆ ಮಾತ್ರ. ಊರಿನ ಸಾಕುಮನೆಗಳ ಮಕ್ಕಳೆಲ್ಲ ಆ ಬಣ್ಣ ಕಂಡರೆ ಮಂಚದಡಿ ಸೇರುತ್ತಿದ್ದರಂತೆ, "ನಿಂಗೆ ಕೆಂಪು ಬಂತಾ?" ಅಂತ ಒಬ್ಬರನ್ನೊಬ್ಬರು ಹೆದರಿಸುತ್ತಿದ್ದರಂತೆ. ಎಲ್ಲ ಮಕ್ಕಳಿಗೂ ಗೊತ್ತಿದ್ದ ಈ ಮಾತು ಅವರ ತಾಯಿ ಅನ್ನಿಸಿಕೊಂಡ ನಮ್ಮ ಕಚೇರಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಕೆಲ್ಸಿ ಕಾಲೇಜಿನಿಂದ ಬಂದು ಅದನ್ನು ನೋಡಿದಳು. ಬಿಚ್ಚಲಿಲ್ಲ. ಡೋರೀನಳ ಅಡುಗೆಮನೆಯಿಂದ ಎರಡು ಕಪ್ಪು ಚೀಲ ತೆಗೆದುಕೊಂಡು, ಬಟ್ಟೆ ತುಂಬಿ, ಹೊರಟುಹೋದಳು. ಫೋನನ್ನು ದಿಂಬಿನ ಮೇಲೇ ಬಿಟ್ಟಿದ್ದಳು. ಹುಟ್ಟುಹಬ್ಬದ ಬೆಳಿಗ್ಗೆ ಹಿಲರಿ ಕೇಕು ಹಿಡಿದು ಬಂದಾಗ ಡೋರೀನ್ ಬೀದಿಯಲ್ಲಿ ನಿಂತು ಅಳುತ್ತಿದ್ದಳು. ಪೊಲೀಸರು ಹುಡುಕಿದರು, ನಾವೂ ಹುಡುಕಿದೆವು, ಸಿಗಲಿಲ್ಲ.

"ಹದಿನೆಂಟು ತುಂಬಿದ ದಿನ ಹುಡುಗಿ ಅಲ್ಲಿರಲಿಲ್ವಲ್ಲ ಹಿಲರಿ, ಇನ್ನು ಆಗಲ್ಲ," ಅಂದ ನೆವಿಲ್. ಈ ಸಲ ಅವನ ದನಿಯಲ್ಲೂ ಗೆದ್ದ ಖುಷಿ ಇರಲಿಲ್ಲ.

ಮುಂದಿನ ವಾರವೇ ಒಂದು ನಾಲ್ಕು ವರ್ಷದ ಮಗುವನ್ನು ಪೊಲೀಸರು ಕಚೇರಿಗೆ ತಂದು ಬಿಟ್ಟರು. ಊರಿನಲ್ಲಿ ಒಂದೇ ಒಂದು ಹಾಸಿಗೆ ಖಾಲಿ ಇತ್ತು, ಡೋರೀನಳದು. ಹಿಲರಿ ಫೋನು ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು. ಮಗು ಅವಳ ಮಿಠಾಯಿ ಚೀಪುತ್ತ ನನ್ನ ಮೇಜಿನ ಕೆಳಗೆ ನಿದ್ದೆ ಹೋಯಿತು. ಕೊನೆಗೆ ಅವಳೇ ನಂಬರು ಒತ್ತಿದಳು. ಬೇರೆ ಯಾರಾಗಿದ್ದರೂ ಅದನ್ನೇ ಮಾಡುತ್ತಿದ್ದರು.

ಕೆಲ್ಸಿ ವಸಂತದಲ್ಲಿ ತಾನಾಗಿಯೇ ಕಚೇರಿಗೆ ಬಂದಳು. ಬಡಕಲಾಗಿದ್ದಳು, ಕೈಯಲ್ಲಿ ಒಂದೇ ಒಂದು ಕಪ್ಪು ಚೀಲ.

"ನೀವು ಕಳಿಸೋ ಮುಂಚೆ ನಾನೇ ಹೋದೆ," ಅಂದಳು.

"ಯಾರೂ ಕಳಿಸ್ತಿರ್ಲಿಲ್ಲ ಕಣೇ. ನೀನು ಅಲ್ಲೇ ಇರಬಹುದು ಅಂತ ಒಪ್ಪಿಸಿದ್ದೆ. ಆ ಸೂಟ್‌ಕೇಸು ವಿಟ್ಬಿಗೆ. ರಜಕ್ಕೆ ಹೋಗ್ಲಿ ಅಂತ ಕೊಟ್ಟಿದ್ದು."

ಕೆಲ್ಸಿ ಹಿಲರಿಯನ್ನು ದಿಟ್ಟಿಸಿದಳು. ಆಮೇಲೆ ಸಣ್ಣಗೆ ನಕ್ಕಳು. "ಸೂಟ್‌ಕೇಸು ಅಂದ್ರೆ ರಜ ಅಂತ ನಮಗೆ ಯಾರು ಹೇಳ್ಕೊಟ್ಟಿದ್ರು?"

ಹಿಲರಿ ಮೂಗೊರೆಸಿಕೊಂಡಳು.

"ನನ್ನ ರೂಮು?"

"ಅಲ್ಲೀಗ ಒಂದು ಮಗು ಇದೆ. ನಾನೇ ಕಳಿಸಿದ್ದು ಪುಟ್ಟಿ. ಕ್ಷಮಿಸು."

ಹುಡುಗಿ ಕಿರುಚಾಡುತ್ತಾಳೆ, ಏನಾದರೂ ಎತ್ತಿ ಎಸೆಯುತ್ತಾಳೆ ಅಂತ ನಾನು ಕಾದೆ. ಎಸೆದಿದ್ದರೆ ಚೆನ್ನಾಗಿತ್ತು. ಅವಳು ಸುಮ್ಮನೆ ತಲೆಯಾಡಿಸಿದಳು. ಹಿಲರಿ ಹಾಸ್ಟೆಲಿಗೆ ಬಿಡಲು ಕಾರಿನ ಕೀಲಿ ತೆಗೆದುಕೊಂಡಳು. ಬಾಗಿಲವರೆಗೆ ಹೋಗಿದ್ದ ಕೆಲ್ಸಿ ನಿಂತು ಕೇಳಿದಳು:

"ಆ ಕೆಂಪು ಪೆಟ್ಟಿಗೆ ಇನ್ನೂ ಡೋರೀನ್ ಬಾಗಿಲಲ್ಲೇ ಇದೆಯಾ?"

"ಇದೆ. ನೀನು ಬರ್ತೀಯ ಅಂತ ಅವಳು ಎತ್ತಿಡ್ಲೇ ಇಲ್ಲ. ತರಿಸಿಕೊಡ್ಲಾ?"

"ನನಗೆ ಬೇಡ. ಇವತ್ತೇ ಅಲ್ಲಿಂದ ತೆಗೆಸಿಬಿಡಿ ಹಿಲರಿ. ಆ ಮಗು ದಿನಾ ಅದನ್ನ ನೋಡ್ತಿರುತ್ತೆ."