ಮೀನಿಲ್ಲದ ಮೀನಿನ ಡಬ್ಬಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಹಿರಿಯೂರು ಬಸ್ ನಿಲ್ದಾಣದ ಬೆಂಚಿನ ಮೇಲೆ ಹೆಂಗಸೊಬ್ಬರು ನೀಲಿ ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾರೆ. ಕಂಬಳಿ ಹೊದ್ದವರೊಬ್ಬರು ಹತ್ತಿರ ಬಂದು ಡಬ್ಬಿಯನ್ನು ಬಗ್ಗಿ ನೋಡುತ್ತಾರೆ.

“ಮಾರಿಕಣಿವೆ ಡ್ಯಾಮಿನ ಮೀನೇನಮ್ಮ? ಕೇಜಿ ಎಂಗೆ?”

“ಖಾಲಿ ಆತು ಅಣ್ಣಾರೆ.”

“ಹೊತ್ತೇ ಹುಟ್ಟಿಲ್ಲ, ಆಗ್ಲೇ ಖಾಲಿನಾ!”

ಅಂಥ ಮೀನು ತಮಗೆ ತಪ್ಪಿಹೋಯಿತಲ್ಲ ಎಂದು ಹೊಟ್ಟೆ ಉರಿದುಕೊಂಡು ಅವರು ಹೊರಡುತ್ತಾರೆ. ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾರೆ. ಇವರು ಜನ್ಮದಲ್ಲಿ ಮೀನು ಮುಟ್ಟಿದವರಲ್ಲ. ಡಬ್ಬಿಯೊಳಗಿರುವುದು ಐಸ್ ಪ್ಯಾಕು, ಸಿರಿಂಜು, ರಕ್ತ ತುಂಬುವ ಸಣ್ಣ ಕೊಳವೆಗಳು.

ಇವರನ್ನು ಅನುಸೂಯ ಎನ್ನೋಣ. ವಯಸ್ಸು ನಲವತ್ತೇಳು, ಬಬ್ಬೂರಿನ ಸೊಸೆ. ಹೆಸರು ಬದಲಿಸಬೇಕು, ಊರುಗಳನ್ನು ಬದಲಿಸಬೇಕು, ಫೋಟೊ ಹಾಕಲೇಬಾರದು ಎಂಬುದು ಅವರ ಷರತ್ತು. ಇನ್ನೊಂದು ಸಂಗತಿಯನ್ನೂ ಬದಲಿಸಿದ್ದೇನೆ, ಅದು ಯಾವುದೆಂದು ದಯವಿಟ್ಟು ಕೇಳಬೇಡಿ. ಒಬ್ಬರನ್ನು ಪರಿಚಯಿಸುವ ಪುಟದಲ್ಲಿ ಅವರ ಗುರುತೇ ಸಿಗದಂತೆ ಬರೆಯುವ ಕಸರತ್ತು ನನಗೆ ಇದೇ ಮೊದಲು.

ಕೆಲಸ ಮಾತ್ರ ನಿಜ. ಎಚ್‌ಐವಿ ಇರುವವರು ಈಗ ದಿನಾ ಮಾತ್ರೆ ತೆಗೆದುಕೊಂಡು ಬಹಳ ವರ್ಷ ಚೆನ್ನಾಗಿಯೇ ಬದುಕುತ್ತಾರೆ. ಆದರೆ ಅವರಲ್ಲಿ ಕೆಲವರಿಗೆ, ಬೀಡಿ ಮುಟ್ಟದವರಿಗೂ, ಶ್ವಾಸಕೋಶ ನಿಧಾನವಾಗಿ ಸೋಲತೊಡಗುತ್ತದೆ. ಅದು ಪೂರ್ತಿ ಕೆಡುವ ಮೊದಲೇ ರಕ್ತದಲ್ಲಿನ ಕೆಲವು ಪ್ರೋಟೀನುಗಳ ಏರಿಳಿತದಿಂದ ಸುಳಿವು ಸಿಗಬಹುದೇ ಎಂದು ಹುಡುಕುವ ಅಧ್ಯಯನವೊಂದರಲ್ಲಿ ಅನುಸೂಯ ಕೆಲಸ ಮಾಡುತ್ತಾರೆ. ಅರವತ್ತೆರಡು ಜನ, ಮೂರು ತಿಂಗಳಿಗೊಮ್ಮೆ ರಕ್ತ, ಎರಡು ವರ್ಷ. ಜೊತೆಗೆ ಯಂತ್ರವೊಂದಕ್ಕೆ ಉಸಿರು ಊದಿಸಬೇಕು. ತೆಗೆದ ರಕ್ತ ನಾಲ್ಕು ಗಂಟೆಯೊಳಗೆ ಚಿತ್ರದುರ್ಗದ ಲ್ಯಾಬ್ ಸೇರಬೇಕು. ಆಸ್ಪತ್ರೆಯ ಬಾಗಿಲಲ್ಲಿ ಕಾಣಿಸಿಕೊಳ್ಳಲು ಅಂಜುವವರ ಮನೆಗೆ, ಏದುಸಿರಿನಿಂದ ಬಸ್ ಹತ್ತಲಾಗದವರ ಮನೆಗೆ ಇವರೇ ಹೋಗುತ್ತಾರೆ.

ಪ್ರೋಟೀನ್ ಎಂಬ ಪದ ಇವರಿಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಹೊಳಲ್ಕೆರೆ ಕಡೆಯ ಒಬ್ಬರು ಬೆಳಗ್ಗೆ ಎದ್ದವರೇ ಎಂಟು ಬೇಯಿಸಿದ ಮೊಟ್ಟೆ ತಿಂದು, ಬೆವರುತ್ತಾ ಕಾದಿದ್ದರು.

“ಯಾಕ್ರಿ ಇಷ್ಟು ಅಂದೆ. ‘ಪ್ರೋಟೀನ್ ನೋಡ್ತೀರಂತಲ್ಲ ಮೇಡಂ, ಕಮ್ಮಿ ಬಂದ್ರೆ ಮರ್ಯಾದೆ ಏನಾಗ್ಬೇಕು’ ಅಂದ್ರು. ಅದು ಬೇರೆ ಪ್ರೋಟೀನು, ಮೊಟ್ಟೇದಲ್ಲ ಅಂತ ತಿಳಿಸಿ ಹೇಳಿದೆ. ಮುಂದಿನ ಸಲ ಕಡ್ಲೆಬೀಜ ತಿಂದಿದ್ರು!”

ಹೊಸದುರ್ಗದ ಕಡೆಯ ಇನ್ನೊಬ್ಬರದು ಬೇರೆಯೇ ಕಥೆ. ಯಂತ್ರ ಹೊರತೆಗೆದು “ಊದ್ರಿ” ಅಂದದ್ದೇ ತಡ, ಅವರು ಹಿತ್ತಿಲ ಬಾಗಿಲಿನಿಂದ ಪರಾರಿ. ಹಿಂದೊಮ್ಮೆ ಪೊಲೀಸರ ಎದುರು ಊದಿ ಸಿಕ್ಕಿಬಿದ್ದವರು. ಗಾಡಿ ಮಾರಿದ್ದೀನಿ, ಕುಡಿಯೋದು ಬಿಟ್ಟಿದ್ದೀನಿ ಎಂದು ಬೇಲಿಯ ಆಚೆಯಿಂದಲೇ ಕೂಗಿ ಹೇಳಿದರಂತೆ.

ಇವೆಲ್ಲ ನಕ್ಕು ಮರೆಯುವ ಸಂಗತಿಗಳು. ಅನುಸೂಯ ನಿದ್ದೆ ಕೆಡಿಸಿಕೊಂಡಿದ್ದು ಭರಮಸಾಗರದ ಕಡೆಯ ಒಂದು ಮನೆಗಾಗಿ. ಆ ಮನೆಯಾಕೆಯನ್ನು ಗಂಗಕ್ಕ ಎನ್ನೋಣ. ಜೋಳದ ರೊಟ್ಟಿ ತಟ್ಟಿ ಮಾರಿ ಬದುಕುವಾಕೆ. ಹದಿನಾಲ್ಕು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಊರಿಗೆ ಗೊತ್ತಿಲ್ಲ. ಗೊತ್ತಾದರೆ ಆ ರೊಟ್ಟಿಯನ್ನು ಯಾರೂ ಮೂಸಿ ನೋಡುವುದಿಲ್ಲ. ರೊಟ್ಟಿಯಿಂದ ರೋಗ ಬರುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳುವಷ್ಟು ಉಸಿರು ಗಂಗಕ್ಕನಿಗಿಲ್ಲ.

ಮೊದಲ ದಿನವೇ ಎದುರುಮನೆಯ ಜಗಲಿಯಿಂದ ಮೂಡಲಗಿರಿಯಪ್ಪ ಕೇಳಿದ್ದರು: “ಮೀನೇನಮ್ಮ?”

“ಅಲ್ಲ ಅಂದ್ರೆ ಮತ್ತೇನು ಅಂತಾರೆ. ಹೂಂ ಅಂದೆ. ‘ಕಾಟ್ಲಾನಾ, ರೋಹೂನಾ’ ಅಂದ್ರು. ಎಲ್ಡೂ ಮಿಕ್ಸು ಅಂದೆ. ಹಿಂಗೆ ಶುರುವಾತು ನೋಡ್ರಿ ನನ್ ವ್ಯಾಪಾರ.”

ಡಬ್ಬಿಯ ಕೊನೆಯ ಮೀನು ಯಾವಾಗಲೂ ಗಂಗಕ್ಕನ ಪಾಲು ಎಂದು ಊರಿಗೆ ನಂಬಿಸಿದ್ದಾಯಿತು. ಅದರ ಸಾಕ್ಷಿಗೆ, ಅನುಸೂಯ ಬಂದ ದಿನ ಗಂಗಕ್ಕ ಒಲೆಯ ಮೇಲೆ ಎರಡು ಒಣಮೀನು ಹುರಿಯತೊಡಗಿದರು. ವಾಸನೆ ಊರಿಗೆ ಹಬ್ಬಿತು, ಹೊಗೆ ಗಂಗಕ್ಕನ ಎದೆಗೆ ಹೋಯಿತು, ಯಂತ್ರದಲ್ಲಿ ಉಸಿರಿನ ಲೆಕ್ಕ ದಬಕ್ಕನೆ ಇಳಿಯಿತು. “ಊದೋದು ಮೊದ್ಲು, ಹುರಿಯೋದು ಆಮ್ಯಾಲೆ ಅಂತ ನಾನೇ ರೂಲ್ಸ್ ಮಾಡಿದೀನ್ರಿ” ಎನ್ನುತ್ತಾರೆ ಅನುಸೂಯ. ಅಧ್ಯಯನದ ನಿಯಮಾವಳಿಯಲ್ಲಿ ಈ ಅಂಶ ಇರಲಾರದು.

ಐದನೇ ಸಲ ಮೂಡಲಗಿರಿಯಪ್ಪ ಜಗಲಿಯಿಂದ ಇಳಿದೇ ಬಂದರು. “ವರ್ಷ ಆತು, ಬರೀ ಖಾಲಿ ಖಾಲಿ ಅಂತೀಯಲ್ಲವ್ವ, ಡಬ್ಬಿ ತೆಗಿ ನೋಡಾಣ” ಎಂದು ಮುಚ್ಚಳಕ್ಕೆ ಕೈ ಹಾಕಿದರು. ಒಳಗೆ ಗಂಗಕ್ಕನ ರಕ್ತದ ಮೂರು ಕೊಳವೆ. ಅನುಸೂಯ ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿದರು. ಆಗ ಕಂಡದ್ದು ಮೂಡಲಗಿರಿಯಪ್ಪನವರ ಹಣೆಯ ನಾಮ.

“ತೆಗೀತೀನಿ ಅಣ್ಣಾರೆ, ಆದ್ರೆ ಇವತ್ತು ಶನಿವಾರ.”

ಮೂಡಲಗಿರಿಯಪ್ಪ ಕೆಂಡ ಮುಟ್ಟಿದವರಂತೆ ಕೈ ಎಳೆದುಕೊಂಡರು. ಅವರ ಮನೆದೇವರು ತಿರುಪತಿ ತಿಮ್ಮಪ್ಪ. ಇನ್ನೊಂದು ಸ್ನಾನಕ್ಕೆ ನೀರು ಕಾಯಿಸಲು ಹೇಳುತ್ತಾ ಮನೆಯೊಳಗೆ ಹೋದರು. ಅಲ್ಲಿಂದೀಚೆಗೆ ಅನುಸೂಯ ಆ ಊರಿಗೆ ಶನಿವಾರವಲ್ಲದೆ ಬೇರೆ ದಿನ ಹೋಗಿಲ್ಲ.

ಊರನ್ನು ಹೇಗೋ ಗೆದ್ದರು, ಮನೆಯಲ್ಲಿ ಸಿಕ್ಕಿಬಿದ್ದರು. ಇವರ ಅತ್ತೆಗೆ ಎಪ್ಪತ್ತೆಂಟು ವರ್ಷ. ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ಅತ್ತೆಯ ತಂಗಿಯ ಮಗಳನ್ನು ಕೊಟ್ಟಿರುವುದು ಗಂಗಕ್ಕನ ಊರಿಗೇ. ಅವಳು ಫೋನ್ ಮಾಡಿ, ನಿನ್ನ ಸೊಸೆ ಇಲ್ಲಿ ಮೀನು ಮಾರುತ್ತಾಳೆ ಎಂದು ಹೇಳಿಬಿಟ್ಟಳು.

“‘ಹೌದೇನೇ?’ ಅಂದ್ರು ಅತ್ತೆ. ಅಲ್ಲ ಅಂದ್ರೆ ಮುಗೀತಿತ್ತು. ಆದ್ರೆ ನಮ್ಮತ್ತೆ ಸುಮ್ನಿರೋರಲ್ಲ. ನಮ್ ಸೊಸೆ ಬರೋದು ಆಸ್ಪತ್ರೆ ಕೆಲ್ಸಕ್ಕೆ ಅಂತ ಆ ಕ್ಷಣವೇ ಫೋನ್ ಹಚ್ಚಿ ಜಗಳ ತೆಗೀತಾರೆ. ಯಾರ ಮನೆಗೆ, ಯಾವ ಕಾಯಿಲೆಗೆ ಅಂತ ಆಮ್ಯಾಲೆ ಊರೇ ಹುಡುಕ್ತೈತೆ. ಗಂಗಕ್ಕನ ರೊಟ್ಟಿ ಅವತ್ತಿಗೇ ನಿಂತೋಗ್ತೈತೆ. ಹೌದತ್ತೆ, ಮಾರ್ತೀನಿ ಅಂದ್ಬಿಟ್ಟೆ.”

ಮೂರು ದಿನ ಅತ್ತೆ ಬೇರೆ ಒಲೆ ಹೂಡಿ ಗಂಜಿ ಕಾಯಿಸಿಕೊಂಡರು. ಪಾತ್ರೆ ಕುಕ್ಕುವ ಸದ್ದಿನಲ್ಲೇ ಎಲ್ಲ ವಿಷಯವೂ ಇತ್ಯರ್ಥವಾಗುತ್ತಿತ್ತು. ನಾಲ್ಕನೆಯ ಬೆಳಗ್ಗೆ, ಡಬ್ಬಿ ಎತ್ತಿಕೊಂಡು ಹೊರಟ ಸೊಸೆಯನ್ನು ಅತ್ತೆ ಬಾಗಿಲಲ್ಲಿ ತಡೆದು ಒಂದೇ ಮಾತು ಹೇಳಿದರು: “ಮಾರೋದು ಮಾರ್ತೀಯ, ತೂಕದಾಗೆ ಮಾತ್ರ ಯಾರಿಗೂ ಮೋಸ ಮಾಡ್ಬ್ಯಾಡ.”

ಇದನ್ನು ಹೇಳುವಾಗ ಅನುಸೂಯ ನಗುತ್ತಿದ್ದಾರೆ, ಕಣ್ಣು ಒರೆಸಿಕೊಳ್ಳುತ್ತಲೂ ಇದ್ದಾರೆ. ಈ ಮಾರ್ಚಿಗೆ ಅಧ್ಯಯನ ಮುಗಿಯುತ್ತದಲ್ಲ, ಆಗಲಾದರೂ ಅತ್ತೆಗೆ ನಿಜ ಹೇಳುತ್ತೀರಾ ಎಂದು ಕೇಳುತ್ತೇನೆ. ಚಿತ್ರದುರ್ಗದ ಬಸ್ ಬಂದು ನಿಲ್ಲುತ್ತದೆ. ಅವರು ಡಬ್ಬಿಯನ್ನು ಎದೆಗೆ ಅವಚಿಕೊಂಡು ಏಳುತ್ತಾರೆ.

“ಮುಗಿಯೋದು ಅಧ್ಯಯನ ರೀ, ಗಂಗಕ್ಕ ಅದೇ ಊರಾಗೆ ಇರ್ತಾಳಲ್ಲ. ಮೀನು ಮಾರಿದೋಳು ಅಂತಾನೇ ಇರ್ಲಿ ಬಿಡ್ರಿ. ತೂಕದಾಗೆ ಮೋಸ ಮಾಡಿದೋಳು ಅಂತ ಯಾರೂ ಅಂದಿಲ್ಲ.”