ಆಮೆ ಸಭೆಗೆ ಬಂದ ಮೇಡಂ

“ತಜ್ಞರು ಒಂದು ಮಾತಿಗೆ ಒಪ್ಪುವುದು ಈ ಜನ್ಮದಲ್ಲಿ ಆಗಲಿಕ್ಕಿಲ್ಲ ಮಾರಾಯ್ತಿ” ಎಂದವರು ನನ್ನ ಪಿಎಚ್‌ಡಿ ಗೈಡ್ ಮೇಡಂ. ಹಾಗೆ ಹೇಳಿಯೂ, ಸಿಹಿನೀರಿನ ಆಮೆಗಳ ಸ್ಥಿತಿ ನಿರ್ಧರಿಸುವ ಮಣಿಪಾಲದ ಸಭೆಗೆ ಎಲ್ಲರಿಗಿಂತ ಮೊದಲು ಬಂದು ಕೂತವರು ಅವರೇ. ಕನ್ನಡಕ ಹಣೆಗೇರಿಸಿದರೆಂದರೆ ಅವರ ಒಂದೇ ಪ್ರಶ್ನೆ ಬರುತ್ತದೆ ಎಂದು ಅರ್ಥ: “ನೀವು ಕಣ್ಣಾರೆ ಕಂಡದ್ದು ಯಾವಾಗ?”

ಕಾರ್ಕಳದ ಹೊಳೆಗಳಲ್ಲಿ ಮೊದಲು ಧಾರಾಳ ಇದ್ದ ಒಂದು ಜಾತಿಯ ಆಮೆಯನ್ನು ನಾನು ಎರಡು ಬೇಸಿಗೆ ಹುಡುಕಿ, ಒಂದನ್ನೂ ಕಾಣದೆ ಬಂದಿದ್ದೆ. ಅದು ಅಪಾಯದಲ್ಲಿದೆ ಎಂದು ಸಭೆ ಒಪ್ಪಿದರೆ ಮಾತ್ರ ಅದರ ರಕ್ಷಣೆಯ ಮಾತು. ಮೂವರು ದೊಡ್ಡ ತಜ್ಞರು ಒಪ್ಪಲಿಲ್ಲ.

“ಬೇಕಾದಷ್ಟು ಉಂಟು. ಹುಡುಕಲಿಕ್ಕೂ ಕಲಿಯಬೇಕಲ್ವಾ?” ಎಂದರು ಒಬ್ಬರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಇಂಥ ಪಾಠ ನನಗೆ ಹೊಸದಲ್ಲ.

ಮೇಡಂ ಅವರ ಕನ್ನಡಕ ಹಣೆಗೇರಿತು. ಪ್ರಶ್ನೆ ಬಂತು. ಮೊದಲನೆಯವರು ಎರಡನೆಯವರ ಲೇಖನದಲ್ಲಿ ಓದಿದ್ದಂತೆ. ಎರಡನೆಯವರು ಮೂರನೆಯವರನ್ನು ನಂಬಿ ಬರೆದದ್ದಂತೆ. ಮೂರನೆಯವರು ಬಹಳ ಹೊತ್ತು ನೀರು ಕುಡಿದು, ಮೊದಲನೆಯವರನ್ನು ತೋರಿಸಿ, “ಇವರೇ ಹೇಳಿದ್ದಲ್ವಾ?” ಎಂದರು. ತಜ್ಞರ ಸಹಯೋಗ ಎಂದರೆ ಇದೇ ಇರಬೇಕು. ಊಟಕ್ಕೆ ಏಳುವ ಮೊದಲೇ ಆಮೆ ಅಪಾಯದಲ್ಲಿದೆ ಎಂದು ಮೂವರೂ ಒಪ್ಪಿದರು.

ಸಂಜೆ ಭಾಗವಹಿಸಿದವರಿಗೆಲ್ಲ ಸರ್ಟಿಫಿಕೇಟ್. ನನ್ನದನ್ನು ಮೇಡಂ ತಾವೇ ತಂದು ಕೈಗೆ ಕೊಟ್ಟರು. ಮನೆಯಲ್ಲಿ ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಆಮೆ ಸಿಗಲಿಲ್ಲ ಅಂತ ಇಷ್ಟು ದೊಡ್ಡ ಕಾಗದವಾ? ಸಿಕ್ಕಿದ್ದರೆ ಎಂತ ಕೊಡ್ತಿದ್ದರೋ ಮಗಾ.”