ಮರೆವ್ವನ ಮಗಳು ನೌಕರಿ ಹುಡುಕಿದ್ದು

ಹುನ್ನೂರಿನ ಮರೆವ್ವನಿಗೆ ‘ಬೇಡ’ ಎಂದು ಹೇಳಿ ಪಾರಾದ ಗಿರಾಕಿ ಆ ಸೀಮೆಯಲ್ಲಿ ಇರಲಿಲ್ಲ. ಅವಳು ಕುರಿ ಸಂತೆಯಲ್ಲಿ ಬೆಳೆದ ಹೆಂಗಸು. ಅಲ್ಲಿ ಕೊಳ್ಳಲು ಬಂದವನು ಮೊದಲು ಆಡುವ ಮಾತೇ ‘ಬ್ಯಾಡ’. ಹಾಗಂದು ನಾಲ್ಕು ಹೆಜ್ಜೆ ಹೋಗುತ್ತಾನೆ, ಪಕ್ಕದವರ ಟಗರಿನ ಬೆನ್ನು ಹಿಚುಕುತ್ತಾನೆ, ಮಾರುವವರು ಕೂಗಿದರೆ ಕೇಳಿಸದವನಂತೆ ನಿಲ್ಲುತ್ತಾನೆ, ಕೊನೆಗೆ ತಿರುಗಿ ಬರುತ್ತಾನೆ. ಹೀಗೆ ಬೇಡ ಎಂದವರಿಗೇ ಮಾರಿ ಮಾರಿ ಮರೆವ್ವನ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿತ್ತು. ಯಾರಾದರೂ ಇಲ್ಲ ಎಂದರೆ ವ್ಯಾಪಾರ ಈಗ ಶುರುವಾಯಿತು ಅಂತ.

ಇಂಥ ಗಟ್ಟಿಗಿತ್ತಿಯ ಹೊಟ್ಟೆಯಲ್ಲಿ ಹುಟ್ಟಿದ ರಾಧಿಕಾ ಮಾತ್ರ ಒಂದು ಬಿರುಸು ಮಾತಿಗೆ ಕಣ್ಣಲ್ಲಿ ನೀರು ತಂದುಕೊಳ್ಳುವ ಹುಡುಗಿ. ಜಮಖಂಡಿಗೆ ಬಸ್ಸಿನಲ್ಲಿ ಓಡಾಡಿ ಬಿ.ಕಾಂ. ಮುಗಿಸಿದ್ದಳು, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದನ್ನೂ ಕಲಿತಿದ್ದಳು. ಅದು ಎರಡು ಸಾವಿರದ ಎಂಟರ ಬೇಸಿಗೆ. ಹೊಳೆಗೆ ಅಡ್ಡಗಟ್ಟಿ ನೀರು ನಿಲ್ಲಿಸಿದ ಮೇಲೆ ಸುತ್ತಲಿನ ಹೊಲಗಳಲ್ಲೆಲ್ಲ ಕಬ್ಬು ಎದ್ದು ನಿಂತಿತ್ತು. ಊರಿಗೆ ಒಳ್ಳೆಯದೇ ಆಯಿತು, ಕುರಿಗೆ ಮಾತ್ರ ಕಾಲಿಡಲು ಜಾಗ ಉಳಿಯಲಿಲ್ಲ. ತಂದೆ ಹುಲೆಪ್ಪ ಹಿಂಡನ್ನು ಅರ್ಧಕ್ಕೆ ಇಳಿಸಿ, ಒಂದು ದಿನ ಮಗಳನ್ನು ಕೂರಿಸಿಕೊಂಡು ಹೇಳಿದ್ದ.

“ಕುರಿ ನನ್ನ ಕಾಲಕ್ಕ ಮುಗೀತಾವು, ರಾಧಿ. ನಮ್ಮ ಮನ್ಯಾಗ ಓದಿದಾಕಿ ನೀ ಒಬ್ಬಾಕಿ. ಮುಂದಿನ ದಾರಿ ನೀನ ನೋಡು.”

ಅಪ್ಪ ಹೇಳದಿದ್ದರೂ ಅವಳು ನೋಡುತ್ತಿದ್ದಳು. ಅವಳಿಗೆ ನೌಕರಿ ಬೇಕಿತ್ತು. ಫ್ಯಾನಿನ ಕೆಳಗೆ ತನ್ನದೇ ಒಂದು ಕುರ್ಚಿ ಬೇಕಿತ್ತು. ಬೇಕು ಎಂದು ಬಾಯಿಬಿಟ್ಟು ಕೇಳುವುದೇ ಅವಳಿಗೆ ದೊಡ್ಡ ಸಂಕಟ.

ಮೊದಲು ಹೋದದ್ದು ಜಮಖಂಡಿಯ ಒಂದು ಪತ್ತಿನ ಸಂಘಕ್ಕೆ. ಹಣೆಗೆ ಬೀರಪ್ಪನ ಭಂಡಾರ ಹಚ್ಚಿಕೊಂಡು ಮರೆವ್ವನೂ ಜೊತೆಗೆ ಬಂದು, ಹೊರಗೆ ಕಟ್ಟೆಯ ಮೇಲೆ ಕೂತಳು. ಒಳಗೆ ಹೋದ ಮಗಳು ಕುದಿಯಲಿಟ್ಟ ಚಹಾ ಇಳಿಯುವುದರೊಳಗೆ ಹೊರಗೆ ಬಂದು, ಬಸ್‌ಸ್ಟ್ಯಾಂಡ್ ತಲುಪುವವರೆಗೂ ಸೆರಗಿನಿಂದ ಮೂಗು ಒರೆಸಿಕೊಂಡಳು. ತಾಯಿ ಎರಡು ಪ್ಲೇಟು ಚುರುಮುರಿ ಗಿರ್ಮಿಟ್ ಹೇಳಿ, ವಿಚಾರಣೆಗೆ ಕೂತಳು.

“ಏನಂದ್ರು?”

“ಇಲ್ಲ ಅಂದ್ರು.”

“ಅದು ಗೊತ್ತಾತು. ಹೆಂಗ ಅಂದ್ರು?”

“ಹೆಂಗಂದ್ರ? ಇಲ್ಲ ಅಂದ್ರ ಇಲ್ಲ, ಅವ್ವಾ.”

“ಹುಚ್ಚಿ, ಇಲ್ಲದಾಗ ನೂರು ನಮೂನಿ ಇರ್ತಾವ. ನಿನ್ನ ಕಾಗದಾ ಮುಟ್ಟಿ ನೋಡಿ ಇಲ್ಲ ಅಂದ್ರೋ, ಮುಟ್ಟಲಾರದ ಅಂದ್ರೋ?”

ರಾಧಿಕಾ ನೆನಪು ಮಾಡಿಕೊಂಡಳು. ಕಾಗದವನ್ನು ಯಾರೂ ಮುಟ್ಟಿರಲಿಲ್ಲ. ಆ ಮನುಷ್ಯ ಫೋನಿನಲ್ಲಿ ಮಾತಾಡುತ್ತಲೇ ಕೈಯಾಡಿಸಿ ಕಳಿಸಿದ್ದ.

“ಹಂಗಾರ ಅವ ಗಿರಾಕೀನ ಅಲ್ಲ. ಗಿರಾಕಿ ಅಲ್ಲದವನ ಮಾತಿಗೆ ಯಾಕ ಅಳ್ತಿ? ತಿನ್ನು, ಮೆತ್ತಗಾಗತೈತಿ.”

ಅಳುತ್ತಿದ್ದ ಹುಡುಗಿಗೆ ನಗು ಬಂತು. ಆಮೇಲೆ ಅದೇ ಅವರ ಪದ್ಧತಿಯಾಯಿತು. ನೌಕರಿ ಕೇಳುವುದು, ಇಲ್ಲ ಅನ್ನಿಸಿಕೊಳ್ಳುವುದು, ಬಸ್‌ಸ್ಟ್ಯಾಂಡಿನಲ್ಲಿ ಕೂತು ಆ ಇಲ್ಲವನ್ನು ಹಲ್ಲು ಎಣಿಸಿ, ಬೆನ್ನು ಹಿಚುಕಿ ಪರೀಕ್ಷೆ ಮಾಡುವುದು. ತೇರದಾಳದ ಸಾಲೆಯವರು ಅನುಭವ ಇದ್ದವರೇ ಬೇಕು ಎಂದರು. ಈ ಮಾತು ಹೇಳುವ ದೊಡ್ಡವರನ್ನು ಒಮ್ಮೆ ಕೇಳಬೇಕು, ಯಾರೂ ಕೆಲಸ ಕೊಡದಿದ್ದರೆ ಆ ಅನುಭವವನ್ನು ಯಾವ ಅಂಗಡಿಯಲ್ಲಿ ತರಬೇಕು ಅಂತ. ಮುಧೋಳದಲ್ಲಿ ಒಬ್ಬರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ, ಅವಳು ಉತ್ತರ ಹೇಳಿದಾಗ ತಾವೇ ತಬ್ಬಿಬ್ಬಾಗಿ ಕಳಿಸಿದರು. ಮಹಾಲಿಂಗಪುರದ ಬೆಲ್ಲದ ದಲಾಲಿಯೊಬ್ಬರು, ಅಂಗಡಿಯ ಗದ್ದಿಯ ಮೇಲೆ ಹೆಣ್ಣುಮಕ್ಕಳು ಕೂತರೆ ಬಂದ ರೈತರು ಬೈದಾಡಲಿಕ್ಕೆ ಸಂಕೋಚಪಡುತ್ತಾರೆ ಎಂದರು. ಇದನ್ನು ಕೇಳಿ ಮರೆವ್ವ, ತಾನೇ ಹೋಗಿ ಕೂತು ಬೈದು ತೋರಿಸಲೇ ಎಂದು ಎದ್ದಿದ್ದಳು. ಮಗಳು ಸೀರೆ ಹಿಡಿದು ಎಳೆದು ಕೂರಿಸಿದಳು.

ಬನಹಟ್ಟಿಯ ರಾಚಪ್ಪನ ಇಲ್ಲ ಮಾತ್ರ ಬೇರೆ ಜಾತಿಯದು. ರಾಚಪ್ಪ ಸೀರೆಯ ವ್ಯಾಪಾರಿ. ಮಗ್ಗದ ಮನೆಗಳಿಂದ ಮಾಲು ತೆಗೆದುಕೊಂಡು ಹೊರಗಿನ ಪೇಟೆಗೆ ಕಳಿಸುತ್ತಿದ್ದ. ಅವನು ರಾಧಿಕಾಳ ಕಾಗದಗಳನ್ನು ಒಂದೊಂದೇ ತಿರುವಿ ನೋಡಿದ, ಕಂಪ್ಯೂಟರಿನ ಮುಂದೆ ಕೂರಿಸಿ ಒಂದು ಬಿಲ್ಲು ಮಾಡಿಸಿದ, ಅದನ್ನು ಕನ್ನಡಕ ಏರಿಸಿ ಓದಿದ, ಆಮೇಲೆ “ಈಗ ಬ್ಯಾಡವಾ ತಂಗಿ, ಮಂದಿ ಅದಾರ” ಎಂದ.

ಇದನ್ನು ಕೇಳಿದ ಮರೆವ್ವ ಅಂದು ಗಿರ್ಮಿಟ್ಟಿನ ಜೊತೆಗೆ ಮಿರ್ಚಿಯನ್ನೂ ಹೇಳಿದಳು. “ಮುಟ್ಟಿ ನೋಡ್ಯಾನ! ನಡಿಸಿ ನೋಡ್ಯಾನ! ಅಲ್ಲಿಗೆ ಮತ್ತ ಹೋಗಾಕ ಬೇಕು.”

ರಾಧಿಕಾ ತಡೆಯಲಾರದೆ ನಕ್ಕಳು. ಆದರೆ ನಗುವ ದಿನಗಳಷ್ಟೇ ಇರಲಿಲ್ಲ. ದೀಪಾವಳಿಯ ನಂತರ ಬೀಳಗಿಯಿಂದ ಒಂದು ದವಾಖಾನೆಯವರು ಫೋನು ಮಾಡಿ ತಾವಾಗಿಯೇ ಕರೆದರು. ಈ ಸಲ ಆಯಿತು ಎಂದೇ ಅಂದುಕೊಂಡು ಅವಳು ಹೊಸ ಚಪ್ಪಲಿ ಹಾಕಿಕೊಂಡಿದ್ದಳು. ಹೋಗಿ ನೋಡಿದರೆ ಹಿಂದಿನ ದಿನವೇ ಆ ಜಾಗಕ್ಕೆ ಡಾಕ್ಟರರ ನೆಂಟರ ಹುಡುಗ ಬಂದು ಕೂತಿದ್ದ. ಚಹಾ ಕುಡಿಸಿ, ತಲೆ ತಗ್ಗಿಸಿ, ವಿಷಯ ಹೇಳಿ ಕಳಿಸಿದರು.

ತಿರುಗಿ ಬರುವಾಗ ಬಸ್ಸಿನ ಕಿಟಕಿಯಾಚೆ ಹಿನ್ನೀರು ಬಿಸಿಲಿಗೆ ಹೊಳೆಯುತ್ತಿತ್ತು. ರಾಧಿಕಾ ಅದನ್ನು ನೋಡುತ್ತಾ ಕೂತಳು. ಇಷ್ಟೊಂದು ಜನಕ್ಕೆ ತಾನು ಬೇಡವಾಗಿದ್ದರೆ ತಪ್ಪು ತನ್ನಲ್ಲೇ ಇರಬೇಕು ಎನ್ನಿಸುತ್ತಿತ್ತು. ಪಕ್ಕದಲ್ಲಿದ್ದ ಮರೆವ್ವ ಮಗಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅವಳು ಸುಮ್ಮನಿದ್ದದ್ದು ಅಪರೂಪ. ಅದನ್ನು ನೋಡಿ ರಾಧಿಕಾಳಿಗೇ ತಡೆಯಲಾಗಲಿಲ್ಲ.

“ಅವ್ವಾ, ಚಾ ಕುಡಿಸಿ ಇಲ್ಲ ಅಂದ್ರು. ಇದು ಯಾವ ನಮೂನಿ ಇಲ್ಲ?”

ಮರೆವ್ವ ಮಗಳ ಕಡೆ ತಿರುಗಿ ಕೂತಳು. “ಇದು ಮರ್ಯಾದಸ್ಥರ ಇಲ್ಲ. ಚಾದಾಗ ಸಕ್ಕರಿ ಇತ್ತೇನು?”

“ಇತ್ತು.”

“ಹಂಗಾರ ಪುಕ್ಕಟ ಚಾ ಆತು ಬಿಡು.”

ಇಬ್ಬರೂ ಎಷ್ಟು ನಕ್ಕರೆಂದರೆ ಕಂಡಕ್ಟರು ಬಂದು, ಏನವಾ, ನಿಮ್ಮ ಸಲುವಾಗಿ ಬಸ್ ನಿಲ್ಲಿಸಲೇನು ಎಂದು ಗದರಿದ. ಮರುದಿನ ತಾಯಿ ಎಬ್ಬಿಸುವ ಮೊದಲೇ ಮಗಳು ತಲೆ ಬಾಚಿಕೊಂಡು ನಿಂತಿದ್ದಳು.

“ಬನಹಟ್ಟಿಗೆ ಹೋಗಿ ಬರೂಣು, ಅವ್ವಾ.”

ರಾಚಪ್ಪ ಸೀರೆಯ ಗಂಟುಗಳ ನಡುವೆ ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ. ಲೆಕ್ಕ ಬರೆಯುವ ಹುಡುಗ ಕೆಲಸ ಬಿಟ್ಟುಹೋಗಿದ್ದ, ಮದುವೆಗಳ ಲಗ್ನಸರಾಯಿ ಎದುರಿಗೇ ಇತ್ತು.

“ನೀನಾ? ನಾ ಕರದಿದ್ನೇನವಾ?”

“ಇಲ್ರಿ. ನೀವು ‘ಈಗ ಬ್ಯಾಡ’ ಅಂದಿದ್ರಿ. ಈಗ ಬೇಕಾಗಿರಬಹುದು ಅಂತ ನಾನ ಬಂದೆ.”

ಈ ಮಾತು ತನ್ನ ಬಾಯಿಂದ ಬಂದದ್ದು ಎಂದು ನಂಬಲು ರಾಧಿಕಾಳಿಗೇ ತುಸು ಹೊತ್ತು ಹಿಡಿಯಿತು. ರಾಚಪ್ಪ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಖಾಲಿ ಕುರ್ಚಿಯತ್ತ ಕೈ ತೋರಿಸಿದ. ಮಧ್ಯಾಹ್ನದವರೆಗೆ ಅವಳು ಬಿಲ್ಲು ಮಾಡಿದಳು. ಒಂದೆರಡು ತಪ್ಪಿದಳು, ತಿದ್ದಿದಳು. ಊಟದ ಹೊತ್ತಿಗೆ ರಾಚಪ್ಪ, “ಛಲೋ ಮಾಡ್ತಿ. ನಾಳಿಂದ ದಿನಾ ಬಾ” ಎಂದು ಪಗಾರ ಹೇಳಿದ. ಅವನ ಮಾತು ಮುಗಿಯುವ ಮೊದಲೇ ಅವಳು “ಹೂಂನ್ರಿ” ಎಂದಿದ್ದಳು.

ಓಡಿ ಬಂದು ಮೆಟ್ಟಿಲ ಮೇಲಿದ್ದ ತಾಯಿಯ ಕೊರಳಿಗೆ ಬಿದ್ದಳು. ಮರೆವ್ವನ ಕಣ್ಣು ತುಂಬಿ ಬಂತು. ಆಮೇಲೆ ವಿವರ ಕೇಳುತ್ತ ಹೋದಂತೆ ಅವಳ ಮುಖವೇ ಬದಲಾಯಿತು.

“ಒಂದ ಮಾತಿಗೆ ಹೂಂ ಅಂದಿ? ಚೌಕಾಸಿ ಇಲ್ಲ, ಏನಿಲ್ಲ?”

ತಡೆಯುವಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು. “ಸಾವ್ಕಾರ್ರ, ನನ್ನ ಮಗಳು ಸಣ್ಣಾಕಿ, ತಿಳೀಲಾರದ ಹೂಂ ಅಂದಾಳ. ಹುನ್ನೂರಿಂದ ಬಸ್ಸಿನ ಖರ್ಚು ಯಾರದು? ಹಬ್ಬಕ್ಕ ಸೀರಿ ಕೊಡ್ತೀರೋ ಇಲ್ಲೋ?”

ರಾಚಪ್ಪ ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ. “ಯವ್ವಾ, ನಾ ಹೇಳಿದ್ದಕ್ಕ ಆದ್ರ ಇರಲಿ. ಆಗಂಗಿಲ್ಲಂದ್ರ ಬಿಡ್ರಿ.”

ಮರೆವ್ವನಿಗೆ ಇದಕ್ಕಿಂತ ಖುಷಿಯ ಮಾತು ಬೇರೆ ಇರಲಿಲ್ಲ. ವ್ಯಾಪಾರ ಶುರುವಾಗಿತ್ತು. “ಆತ್ರಿ ಹಂಗಾರ. ನಡಿ ರಾಧಿ, ಹೋಗೂಣು” ಎಂದು ಮಗಳ ಮುಂಗೈ ಹಿಡಿದು ಬಾಗಿಲ ಕಡೆ ನಿಧಾನವಾಗಿ ಹೆಜ್ಜೆ ಹಾಕಿದಳು. ಕಿವಿಯೆಲ್ಲ ಹಿಂದಕ್ಕೇ ಇತ್ತು.

ರಾಧಿಕಾ ತಿರುಗಿ ನೋಡಿದಳು. ರಾಚಪ್ಪ ಇವರತ್ತ ನೋಡುತ್ತಲೂ ಇರಲಿಲ್ಲ. ಬೇರೆ ಯಾರನ್ನೋ ಕರೆಯಲು ಆಗಲೇ ಫೋನು ಎತ್ತಿಕೊಂಡಿದ್ದ. ಇವನು ಸಂತೆಯ ಮನುಷ್ಯನಲ್ಲ, ಕೂಗಿ ಕರೆಯುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಹೊಸ್ತಿಲು ಇನ್ನೊಂದು ಹೆಜ್ಜೆಯಲ್ಲಿತ್ತು.

“ಇಲ್ಲ ಅವ್ವಾ. ನಾ ಬರಂಗಿಲ್ಲ.”

“ಏ, ಬಾ ಅಂದ್ರ. ಅವನ ಕರೀತಾನ, ನೋಡ್ತಿರು” ಎಂದು ಮರೆವ್ವ ಪಿಸುಗುಟ್ಟಿದಳು.

“ಕರದ್ರೂ ಅಷ್ಟ, ಕರೀದಿದ್ರೂ ಅಷ್ಟ. ಈ ನೌಕರಿ ನನಗ ಬೇಕು. ನಾ ಇಲ್ಲೇ ಇರ್ತೀನಿ.”

ದನಿ ಏರಿಸಿರಲಿಲ್ಲ. ಕಣ್ಣಲ್ಲಿ ನೀರೂ ಇರಲಿಲ್ಲ. ಮರೆವ್ವ ಮಗಳ ಮುಖವನ್ನೇ ನೋಡಿದಳು. ಚೌಕಾಸಿಗೆ ಎಲ್ಲಾದರೂ ಸಂದು ಇದೆಯೇ ಎಂದು ಹುಡುಕಿದಳು, ಸಿಗಲಿಲ್ಲ. ಹಿಡಿದ ಕೈಯನ್ನು ಮೆಲ್ಲಗೆ ಬಿಟ್ಟಳು.

“ಆತು” ಎಂದಳು. ಒಬ್ಬಳೇ ಹೊಸ್ತಿಲು ದಾಟಿದಳು.

ರಾಧಿಕಾ ಹೋಗಿ ಕುರ್ಚಿ ಎಳೆದುಕೊಂಡು ಕೂತಳು. ರಾಚಪ್ಪ ಫೋನು ಕೆಳಗಿಟ್ಟು, ಬಿಲ್ಲಿನ ಕಟ್ಟು ಅವಳ ಕಡೆಗೆ ಸರಿಸಿದ. ಅವ್ವನ ಮನಸ್ಸು ನೋಯಿಸಿದೆನೇ ಎಂದು ಬಾಗಿಲ ಕಡೆ ನೋಡುತ್ತಲೇ ಅವಳು ಮೊದಲ ಬಿಲ್ಲು ಎತ್ತಿಕೊಂಡಳು. ಅಷ್ಟರಲ್ಲಿ ಹೊರಗಿನಿಂದ ಅವ್ವನ ದನಿ ಕೇಳಿಸಿತು. ಮೆಟ್ಟಿಲ ಕೆಳಗೆ ಗಂಟು ಹೊರುವವರನ್ನು ನಿಲ್ಲಿಸಿಕೊಂಡು, ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

“ನೋಡ್ರಿ ಯಪ್ಪಾ, ಒಳಗ ಕುಂತಾಳಲ್ಲ, ಆಕಿ ನನ್ನ ಮಗಳು. ಇವತ್ತ ನನಗ ಇಲ್ಲ ಅಂದಳು!”